ಎಡಕ್ಕೆ ಮಾತ್ರವೋ, ಬಲಕ್ಕೂ ಹೀಗೆಯೋ

ಕಳೆದ ಭಾನುವಾರ ತುಮಕೂರಿನ ಬಟವಾಡಿಯ ಮಹಡಿಯೊಂದರಲ್ಲಿ ಕೇಳಿದ ಪ್ರಶ್ನೆಯೊಂದು ಈ ವಾರವಿಡೀ ನನ್ನ ತಲೆಯಲ್ಲಿ ಸುತ್ತುತ್ತಿದೆ. ಫೋಮ್ ಮ್ಯಾಟುಗಳನ್ನು ಜೋಡಿಸಿದ ಟ್ರ್ಯಾಕಿನ ಮೇಲೆ ಹತ್ತನೇ ತರಗತಿಯ ಹುಡುಗನೊಬ್ಬನ, ರಿಮೋಟಿನಿಂದ ಓಡಿಸುವ ಪುಟ್ಟ ರೇಸ್ ಕಾರು ತಿರುವಿನಲ್ಲಿ ಮತ್ತೆ ಮತ್ತೆ ಹಿಂಬದಿ ಜಾರಿ ಗಿರಕಿ ಹೊಡೆಯುತ್ತಿತ್ತು. ಜಪಾನಿನ ಕ್ಯೋಶೋ ಕಂಪನಿ 1999ರಲ್ಲಿ ಮಿನಿ-ಝಡ್ ಎಂಬ ಹೆಸರಿನಲ್ಲಿ ತಂದ ಮಾದರಿಯ ಕಾರು ಇದು. ನಿಜವಾದ ಕಾರಿನ ಸುಮಾರು 1/28ರಷ್ಟು ಗಾತ್ರ, ಓಡುವುದಕ್ಕೆ ನಾಲ್ಕು ಎಎಎ ಸೆಲ್. ಅಂಗೈ ಮೇಲೆ ಕೂರುವ ಈ ಕಾರಿನಲ್ಲಿ ಮುಂದಿನ ಸ್ಪ್ರಿಂಗ್, ಎರಡು ಹಿಂಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್, ಮೋಟರಿನ ಸಣ್ಣ ಹಲ್ಲುಚಕ್ರವಾದ ಪಿನಿಯನ್, ಟೈರು ಎಲ್ಲವನ್ನೂ ಬದಲಾಯಿಸಬಹುದಾದ್ದರಿಂದ, ಕಾರು ಜಾರಿದ ಕೂಡಲೇ ಸಲಹೆಗಳ ಸುರಿಮಳೆಯಾಯಿತು.

ಒಬ್ಬರು ಹಿಂದಿನ ಟೈರು ಇನ್ನಷ್ಟು ಮೆತ್ತಗಿರಬೇಕೆಂದರು. ಇನ್ನೊಬ್ಬರು ಮುಂದಿನ ಸ್ಪ್ರಿಂಗನ್ನು ಗಟ್ಟಿ ಮಾಡಿಸಿದರು. ಹುಡುಗನ ತಂದೆಯಂತೂ ಇದಕ್ಕಿಂತ ಬಲವಾದ ಮೋಟರನ್ನೇ ಹಾಕಿಸೋಣವೆಂದರು. ಮಗನ ಮೇಲೆ ಅವರಿಗಿರುವ ಅಕ್ಕರೆ ದೊಡ್ಡದು, ಆದರೆ ಹಿಂದಿನ ಚಕ್ರಗಳು ಈಗಾಗಲೇ ಹಿಡಿತ ಬಿಡುತ್ತಿರುವ ಕಾರಿಗೆ ಹೆಚ್ಚಿನ ಬಲ ಕೊಟ್ಟರೆ ಅದು ಇನ್ನೂ ಬೇಗ ತಿರುಗಿ ನಿಲ್ಲುತ್ತದೆಂಬುದನ್ನು ಯೋಚಿಸುವಷ್ಟು ವ್ಯವಧಾನ ಅವರಲ್ಲಿರಲಿಲ್ಲ.

ಶಿರಾ ಗೇಟಿನ ಕಡೆ ಸ್ಕೂಟರ್ ರಿಪೇರಿ ಮಾಡುವ ಹಿರಿಯರೊಬ್ಬರು ಮೊಮ್ಮಗನನ್ನು ಕರೆದುಕೊಂಡು ಬಂದು ಮೂಲೆಯಲ್ಲಿ ಕುಳಿತಿದ್ದರು. ಎಲ್ಲರ ಮಾತು ಮುಗಿದ ಮೇಲೆ ಅವರು ಹುಡುಗನನ್ನು ಕೇಳಿದರು:

“ಎಡಕ್ ತಿರುಗ್ದಾಗ ಮಾತ್ರ ಹಿಂಗಾಗುತ್ತೇನಪ್ಪ, ಇಲ್ಲ ಬಲಕ್ಕೂ ಹಿಂಗೇನಾ?”

“ನೋಡಿಲ್ಲ ಅಂಕಲ್.”

“ಹಂಗಾದ್ರೆ ನೋಡು ಮೊದ್ಲು.”

ಹುಡುಗ ನೋಡಿದ. ಬಲಕ್ಕೆ ಕಾರು ಬಹುಮಟ್ಟಿಗೆ ನೆಟ್ಟಗೇ ತಿರುಗುತ್ತಿತ್ತು, ಗಿರಕಿಯೆಲ್ಲ ಎಡತಿರುವಿನಲ್ಲೇ.

ಈ ಪ್ರಶ್ನೆಯ ಬೆಲೆ ಎಷ್ಟೆಂಬುದು ಮನೆಗೆ ಬಂದ ಮೇಲೂ ನನಗೆ ಹೊಸದಾಗಿ ತೋರುತ್ತಲೇ ಇದೆ. ಎರಡೂ ಬದಿಗೆ ಒಂದೇ ಬಗೆಯ ಟೈರು, ಒಂದೇ ಬಗೆಯ ಸ್ಪ್ರಿಂಗ್ ಇರುವಾಗ ಅವುಗಳ ಆಯ್ಕೆ ತಪ್ಪಿದ್ದರೆ ಕಾರು ಎರಡೂ ಕಡೆ ಕೆಡಬೇಕು. ಒಂದೇ ಕಡೆ ಕೆಟ್ಟರೆ ಎಡಬಲಗಳ ನಡುವೆ ಎಲ್ಲೋ ಸಮ ತಪ್ಪಿದೆ ಎಂದರ್ಥ. ಇಷ್ಟು ಸರಳವಾದ ಸೋಸುವಿಕೆಯನ್ನು ಅಲ್ಲಿದ್ದ ಯಾರೂ ಮಾಡಿರಲಿಲ್ಲ. ನಮ್ಮ ಊರಿನಲ್ಲಿ, ವೈದ್ಯದಿಂದ ಹಿಡಿದು ಬೋರ್‌ವೆಲ್ ಮೋಟರಿನವರೆಗೆ, ಪರಿಹಾರ ಹೇಳುವವರು ಬೇಗ ಸಿಗುತ್ತಾರೆ, ಲಕ್ಷಣ ವಿಚಾರಿಸುವವರು ವಿರಳ. ಆ ಹಿರಿಯರು ಇಂಥ ಕಾರನ್ನು ಹಿಂದೆಂದೂ ಕೈಯಲ್ಲಿ ಹಿಡಿದವರಲ್ಲ, ಆದರೂ ಆ ದಿನ ಅಲ್ಲಿದ್ದವರಲ್ಲಿ ಕಾರನ್ನು ಹದಗೊಳಿಸುವ ಅತ್ಯುತ್ತಮ ಟ್ಯೂನರ್ ಅವರೇ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಮುಂದಿನದು ಬೇಗ ಮುಗಿಯಿತು. ಕಾರನ್ನು ಗಾಜಿನ ಹಲಗೆಯ ಮೇಲಿಟ್ಟು, ಮುಂಭಾಗದ ನಡುಮಧ್ಯಕ್ಕೆ ಸ್ಕ್ರೂಡ್ರೈವರ್ ತುದಿ ಕೊಟ್ಟು ಮೆಲ್ಲಗೆ ಎತ್ತಿದಾಗ ಒಂದು ಚಕ್ರ ಮೊದಲು ಎದ್ದಿತು, ಇನ್ನೊಂದು ತಡವಾಗಿ. ಕಾರಿನ ಅಡಿಚೌಕಟ್ಟಾದ ಚಾಸಿಗೂ ಹಿಂದಿನ ಮೋಟರಿನ ಭಾಗಕ್ಕೂ ನಡುವೆ ಇರುವ, ಬಾಗಿ ಬಳುಕುವ ಟಿ-ಪ್ಲೇಟು ಸ್ಕ್ರೂ ಬಿಗಿಸುವಾಗಲೇ ತಿರುಚಿಕೊಂಡಿತ್ತು. ಅದರಿಂದ ಚಕ್ರಗಳ ಮೇಲೆ ಬೀಳುವ ಭಾರ ಏರುಪೇರಾಗಿ, ಒಂದು ಕಡೆಯ ತಿರುವಿನಲ್ಲಿ ಮಾತ್ರ ಹಿಡಿತ ತಪ್ಪುತ್ತಿತ್ತು. ಸ್ಕ್ರೂಗಳನ್ನು ಸಡಿಲಿಸಿ, ಕಾರನ್ನು ಗಾಜಿನ ಮೇಲೆ ತಾನಾಗಿ ಕೂರಲು ಬಿಟ್ಟು, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಮನಾಗಿ ಬಿಗಿದ ಮೇಲೆ ಎರಡು ಚಕ್ರಗಳೂ ಒಟ್ಟಿಗೆ ಎದ್ದವು.

ಗಟ್ಟಿ ಮಾಡಿದ್ದ ಸ್ಪ್ರಿಂಗನ್ನೂ ಮೊದಲಿನಂತೆಯೇ ಹಾಕಿಸಿ ಓಡಿಸಿದಾಗ ದೊಡ್ಡ ಗಿರಕಿ ನಿಂತಿತ್ತು, ಸಣ್ಣದೊಂದು ಜಾರುವಿಕೆ ಮಾತ್ರ ಉಳಿದಿತ್ತು. ಹಿರಿಯರು ಮತ್ತೆ ಅದನ್ನೇ ಕೇಳಿದರು. ಈ ಸಲ ಹುಡುಗ ತಡವರಿಸದೆ “ಎರಡೂ ಕಡೆ ಅಂಕಲ್” ಎಂದ. ಈಗ ಟೈರಿನ ಸಲಹೆ ಕೊಟ್ಟವರ ಮಾತಿಗೆ ಸರಿಯಾದ ಹೊತ್ತು ಬಂದಿತ್ತು. ಈ ಟೈರುಗಳ ಮೇಲಿನ ಸಂಖ್ಯೆ ಕಡಿಮೆಯಾದಷ್ಟೂ ರಬ್ಬರು ಮೆದು, ಹುಡುಗ ಒಂದು ಮೆಟ್ಟಿಲು ಕೆಳಗಿನ ಜೋಡಿಯನ್ನು ಹುಡುಕತೊಡಗಿದ.