ನಿಮ್ಮ ಕಡೆಯಿಂದ ಮೂರು ಮೆಟ್ಟಿಲು

ಸೋಮವಾರದಿಂದ ಒಂದೇ ಮಾತು ಕಿವಿಯಲ್ಲಿ ಕುಳಿತುಬಿಟ್ಟಿದೆ. ಹಲ್ಲುಜ್ಜುವಾಗ ಅದೇ, ಗಾಡಿ ಓಡಿಸುವಾಗ ಅದೇ, ರಾತ್ರಿ ದೀಪ ಆರಿಸಿದ ಮೇಲೂ ಅದೇ. ಹೇಳಿದವರು ನಗರಸಭೆಯ ಸಹಾಯಕ ಎಂಜಿನಿಯರ್. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸಿನ ಹೆಣ್ಣುಮಗಳು. ದನಿ ಏರಿಸಲಿಲ್ಲ, ಮುಖ ಗಂಟು ಹಾಕಲಿಲ್ಲ. ಪೆನ್ನಿನ ತುದಿಯನ್ನು ನಕ್ಷೆಯ ಮೇಲಿಟ್ಟುಕೊಂಡೇ ಹೇಳಿದರು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಮನೆಯ ಮೇಲೊಂದು ಅಂತಸ್ತು ಕಟ್ಟಿಸಬೇಕೆಂದು ಕೊಟ್ಟ ನಕ್ಷೆ ವಾಪಸು ಬಂದದ್ದು ಇದು ಮೂರನೆಯ ಸಲ. ಮೊದಲ ಸಲ, ತೆರಿಗೆ ರಸೀದಿಯ ಪ್ರತಿ ಮಸುಕಾಗಿದೆ ಎಂದು. ಎರಡನೆಯ ಸಲ, ಉತ್ತರ ದಿಕ್ಕು ತೋರಿಸುವ ಬಾಣ ಒಂದು ಹಾಳೆಯಲ್ಲಿದೆ, ಇನ್ನೊಂದರಲ್ಲಿಲ್ಲ ಎಂದು. ಈ ಎರಡರ ನಡುವೆ ಏಳು ವಾರ ಕಳೆದಿದ್ದವು. ಹಾಳೆಯಿಂದ ಹಾಳೆಗೆ ಸೂರ್ಯ ಹುಟ್ಟುವ ದಿಕ್ಕು ಬದಲಾಗುತ್ತದೆಯೇ ಎಂದು ಕೇಳಬೇಕೆನಿಸಿತ್ತು. ಕೇಳಲಿಲ್ಲ. ಕೆಲಸ ಆಗಬೇಕಾದವನಿಗೆ ಹಾಸ್ಯಪ್ರಜ್ಞೆ ಇರಬಾರದು.

ಆ ಕಚೇರಿಯ ಮೊಗಸಾಲೆಯ ಬೆಂಚಿನ ಮೇಲೆ ಒಬ್ಬರು ಕೂರುತ್ತಾರೆ. ನೌಕರರಲ್ಲ, ಆದರೆ ನೌಕರರಿಗಿಂತ ಮೊದಲು ಬಂದು ಆಮೇಲೆ ಹೋಗುವವರು. ಯಾರ ಕಡತ ಯಾವ ಮೇಜಿನ ಮೇಲಿದೆ ಎಂಬುದು ಅವರಿಗೆ ಬಾಯಿಪಾಠ. ಅಂಥ ನೆನಪಿನ ಶಕ್ತಿಯನ್ನು ದೇವರು ಯಾಕೆ ಆ ಬೆಂಚಿನ ಮೇಲೆ ಇಟ್ಟನೋ ತಿಳಿಯದು. ಎರಡನೆಯ ಸಲ ಕಡತ ಹಿಂದಿರುಗಿದಾಗ ಅವರೇ ನನಗೆ ಹೇಳಿದ್ದರು: "ಕಡತದ ಮೇಲೆ ಸ್ವಲ್ಪ ತೂಕ ಇಡಿ ಸರ್, ಗಾಳಿಗೆ ಹಾರಿ ಹಾರಿ ನಿಮ್ಮ ಕಡೆಗೇ ಬರುತ್ತಿದೆ."

ಹಾಗಾಗಿ ಸೋಮವಾರ ನಾನು ಸಿದ್ಧನಾಗಿಯೇ ಹೋಗಿದ್ದೆ. ಜೇಬು ಸಿದ್ಧವಾಗಿತ್ತು ಎನ್ನುವುದಕ್ಕಿಂತ ಮನಸ್ಸು ಸಿದ್ಧವಾಗಿತ್ತು ಎಂದರೆ ಸರಿ. ಯಾವ ಆಕ್ಷೇಪಣೆ ಎತ್ತಿದರೂ ಅದು ವ್ಯಾಪಾರದ ಮೊದಲ ಮಾತು, ನಾನು ಎರಡನೆಯ ಮಾತು ಆಡಬೇಕು, ಅಷ್ಟೇ.

ಈ ಸಲ ಆರು ಆಕ್ಷೇಪಣೆಗಳಿದ್ದವು. ಆಕೆ ನಾಲ್ಕನ್ನು ಬೇಗ ಬೇಗ ದಾಟಿ ಐದನೆಯದರಲ್ಲಿ ನಿಂತರು. ಮೆಟ್ಟಿಲಿನ ಛೇದ ನಕ್ಷೆ. ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಸೀಳಿ ಪಕ್ಕದಿಂದ ನೋಡಿದಂತೆ ಬರೆಯುತ್ತಾರಲ್ಲ, ಅದು. ಅದರ ಸುತ್ತ ಕೆಂಪು ಶಾಯಿಯ ವೃತ್ತ.

"ಈ ಮೆಟ್ಟಿಲು ಇಳಿಯುವವರು ಯಾರು?"

ಇದೆಂಥ ಪ್ರಶ್ನೆ! "ಮನೆಯವರೇ ಮೇಡಂ" ಎಂದೆ.

"ವಯಸ್ಸಾದವರು ಇದ್ದಾರೆಯೇ?"

"ಅಮ್ಮ ಇದ್ದಾರೆ. ಎಪ್ಪತ್ತೆರಡು."

ಹೇಳುತ್ತಿದ್ದಂತೆಯೇ ನನ್ನ ತಲೆ ಲೆಕ್ಕ ಹಾಕತೊಡಗಿತ್ತು. ಮನೆಯ ವಿಚಾರ ತೆಗೆದರು, ಅಮ್ಮನ ವಿಚಾರ ತೆಗೆದರು, ಸುತ್ತಿ ಬಳಸಿ ಅಲ್ಲಿಗೇ ಬರುತ್ತಿದ್ದಾರೆ. ಇನ್ನು ಹೆಚ್ಚು ಸುತ್ತಿಸುವುದು ಬೇಡವೆಂದು ಮುಂದಕ್ಕೆ ಬಾಗಿ, ದನಿ ತಗ್ಗಿಸಿ, "ಹೇಗಾದರೂ ಮುಗಿಸಿಕೊಡಿ ಮೇಡಂ. ನಮ್ಮ ಕಡೆಯಿಂದ ಏನಾಗಬೇಕು ಹೇಳಿ" ಎಂದೆ.

"ನಿಮ್ಮ ಕಡೆಯಿಂದ ಮೂರು ಮೆಟ್ಟಿಲು ಆಗಬೇಕು."

ನಾಚಿಕೆಗೇಡಿನ ಸಂಗತಿಯೆಂದರೆ, ಅದು ಸಂಕೇತ ಎಂದುಕೊಂಡೆ. ಒಂದು ಮೆಟ್ಟಿಲು ಎಂದರೆ ಎಷ್ಟು ಎಂಬ ಪ್ರಶ್ನೆ ನಾಲಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಆಕೆ ನಕ್ಷೆಯನ್ನು ನನ್ನ ಕಡೆಗೆ ತಿರುಗಿಸಿ ಹದಿನೈದು ಮೆಟ್ಟಿಲುಗಳನ್ನು ಒಂದೊಂದಾಗಿ ಪೆನ್ನಿನಿಂದ ಎಣಿಸಿದರು. ಹದಿನಾಲ್ಕರ ಎತ್ತರ ತಲಾ 215 ಮಿಲಿಮೀಟರ್. ಕೊನೆಯದು, ಮೇಲಿನ ಅಂತಸ್ತಿಗೆ ತಾಗುವುದು, 140. ವಾಸದ ಮನೆಗೆ ಎತ್ತರ 190ನ್ನು ಮೀರುವಂತಿಲ್ಲ. ಪಾದ ಇಡುವ ಅಗಲ 250ಕ್ಕಿಂತ ಕಡಿಮೆ ಇರುವಂತಿಲ್ಲ. ನಮ್ಮದು 225 ಇತ್ತು. ಅದೆಲ್ಲ ಅಂಕಿಗಳಾಯಿತು. ಆಮೇಲೆ ಆಕೆ ಪೆನ್ನನ್ನು ಮೇಲಿನ ತುದಿಗೆ ಒಯ್ದು, ಎರಡು ಬೆರಳುಗಳನ್ನು ಕಾಲುಗಳಂತೆ ಮಾಡಿ ನಕ್ಷೆಯ ಮೇಲೆ ಇಳಿಸತೊಡಗಿದರು.

"ಇಳಿಯುವಾಗ ಅವರಿಗೆ ಮೊದಲು ಸಿಗುವುದು ಈ ಕುಳ್ಳ ಮೆಟ್ಟಿಲು. ಕಾಲು ಅದನ್ನೇ ಅಳತೆ ಎಂದು ನಂಬುತ್ತದೆ. ಎರಡನೆಯದಕ್ಕೆ ಕಾಲಿಟ್ಟಾಗ ನೆಲ ಸಿಗುವುದಿಲ್ಲ."

ಬೆರಳು ನಕ್ಷೆಯಿಂದ ಜಾರಿ ಮೇಜಿಗೆ ಬಡಿಯಿತು. ಟಕ್ ಎಂಬ ಸಣ್ಣ ಸದ್ದು.

ಎರಡರ ನಡುವಿನ ವ್ಯತ್ಯಾಸ 75 ಮಿಲಿಮೀಟರ್. ಮೂರು ಅಂಗುಲ. ನಾನು ಏನೂ ಹೇಳಲಿಲ್ಲ. ನನ್ನ ಎರಡನೆಯ ಮಾತು ಆಗಲೇ ಆಡಿಯಾಗಿತ್ತು, ವಾಪಸು ಪಡೆಯುವಂತಿರಲಿಲ್ಲ. ಆಕೆಗೆ ಅದು ಕೇಳಿಸಿತೋ, ಕೇಳಿಸಿಯೂ ಬಿಟ್ಟರೋ, ಇಂಥ ಮಾತು ದಿನಕ್ಕೆ ಹತ್ತು ಸಲ ಕೇಳಿ ಕಿವಿ ಜಡ್ಡುಗಟ್ಟಿದೆಯೋ, ಇವತ್ತಿಗೂ ಗೊತ್ತಾಗಿಲ್ಲ. ಒಟ್ಟು ಎತ್ತರ 3150. ಅದನ್ನು ಹದಿನೆಂಟರಿಂದ ಭಾಗಿಸಿದರೆ ಸರಿಯಾಗಿ 175 ಬರುತ್ತದೆ ಎಂದು ನಕ್ಷೆಯ ಅಂಚಿನಲ್ಲಿ ಬರೆದು, ಅಗಲ 270 ಇಡಿ ಎಂದು ಅದರ ಕೆಳಗೆ ಗೀಚಿ, ಮುಂದಿನವರನ್ನು ಕರೆದರು.

ನಕ್ಷೆ ಬರೆದುಕೊಟ್ಟ ಎಂಜಿನಿಯರರಿಗೆ ಹೊರಗೆ ಬಂದೊಡನೆ ಫೋನು ಮಾಡಿದೆ. ಒಳ್ಳೆಯ ಮನುಷ್ಯ, ಆದರೆ ಅವರ ಒಳ್ಳೆಯತನ ಯಾವಾಗಲೂ ಅವಸರದಲ್ಲಿರುತ್ತದೆ. ಯಾವುದೋ ಹಳೆಯ ಮನೆಯ ಮೆಟ್ಟಿಲನ್ನು ಎತ್ತಿ ಇಲ್ಲಿ ಅಂಟಿಸಿದ್ದರಂತೆ. ನಮ್ಮ ಮನೆಯ ಎತ್ತರ ಸ್ವಲ್ಪ ಹೆಚ್ಚಾದದ್ದರಿಂದ ಉಳಿದ ಜಾಗಕ್ಕೆ ಒಂದು ತುಂಡು ಮೆಟ್ಟಿಲು ತುಂಬಿದ್ದರು. "ಅದು ಕಚೇರಿಗೆ ತೋರಿಸುವ ನಕ್ಷೆ ಸರ್. ಕಟ್ಟುವಾಗ ಮೇಸ್ತ್ರಿ ಸರಿ ಮಾಡಿಕೊಳ್ಳುತ್ತಾರೆ."

ಈ ಮಾತೂ ನನಗೆ ಹೊಸದಲ್ಲ. ಮಂಜೂರಾತಿಗೆ ಒಂದು ನಕ್ಷೆ, ಕೆಲಸಕ್ಕೆ ಒಂದು ನಕ್ಷೆ. ಮಂಜೂರಾತಿಯ ನಕ್ಷೆಯಲ್ಲಿ ಎಲ್ಲರ ಮನೆಯ ಸುತ್ತಲೂ ಧಾರಾಳವಾಗಿ ಜಾಗ ಬಿಟ್ಟಿರುತ್ತದೆ, ವಾಹನ ನಿಲುಗಡೆ ಇರುತ್ತದೆ, ಮಳೆನೀರಿನ ಕೊಯ್ಲು ಇರುತ್ತದೆ. ಕಟ್ಟಡ ಮುಗಿದ ಮೇಲೆ ನಿಲುಗಡೆಯ ಜಾಗದಲ್ಲಿ ಅಂಗಡಿಯ ಬಾಗಿಲು ತೆರೆದಿರುತ್ತದೆ. ನೋಡುವವರು ನಿಜವಾಗಿ ನೋಡುವುದಿಲ್ಲ ಎಂಬ ನಂಬಿಕೆಯ ಮೇಲೆ ಬರೆಯುವವರು ಬರೆಯುತ್ತಾರೆ. ಬರೆದದ್ದನ್ನು ಯಾರೂ ಕಟ್ಟುವುದಿಲ್ಲ ಎಂಬ ನಂಬಿಕೆಯ ಮೇಲೆ ನೋಡುವವರು ಸಹಿ ಹಾಕುತ್ತಾರೆ. ಈ ಹುಡುಗಿ ಆ ಒಪ್ಪಂದವನ್ನು ಮುರಿದು ನಕ್ಷೆಯನ್ನು ಮನೆ ಎಂದು ಓದಿದ್ದರು. ಅಷ್ಟಕ್ಕೇ ನಾನು ಕಂಗಾಲಾಗಿದ್ದೆ.

ಆದರೆ ಎಂಜಿನಿಯರರನ್ನು ಬೈಯುವಂತೆಯೂ ಇರಲಿಲ್ಲ. "ನೀವೇ ಹೇಳಿದಿರಲ್ಲ ಸರ್, ಹಜಾರ ಎರಡಡಿ ದೊಡ್ಡದಾಗಲಿ ಅಂತ. ಇರುವುದರಲ್ಲಿ ಕಡಿಮೆ ಜಾಗ ಹಿಡಿಯುವ ಮೆಟ್ಟಿಲು ಅದು." ಹೌದು, ಹೇಳಿದ್ದೆ. ಅವರು ಅದನ್ನು ಕತ್ತರಿಸಿದ್ದು ಮೆಟ್ಟಿಲಿನಿಂದ. ಆಕೆ ಬರೆದುಕೊಟ್ಟ ಅಳತೆಯಲ್ಲಿ, ನಡುವಿನ ತಿರುವಿನವರೆಗಿನ ಮೊದಲ ಸಾಲಿನ ಮೆಟ್ಟಿಲುಗಳು ಹಿಂದಿನ ನಕ್ಷೆಗಿಂತ 585 ಮಿಲಿಮೀಟರ್ ಹೆಚ್ಚು ಉದ್ದವಾಗುತ್ತವೆ. ಎರಡಡಿಗೆ ಒಂದಂಗುಲ ಕಡಿಮೆ. ನಾನು ಬಯಸಿದ ಆ ಎರಡಡಿ ಎಲ್ಲಿಂದ ಬಂದಿತ್ತೆಂಬುದು ಹೀಗೆ ಲೆಕ್ಕಕ್ಕೆ ಸಿಕ್ಕಿತು.

ಆ ರಾತ್ರಿ ನಿದ್ದೆ ಬರದೆ ಮೆಟ್ಟಿಲುಗಳ ಬಗ್ಗೆ ಓದುತ್ತಾ ಕುಳಿತೆ. ಎರಡು ಮೆಟ್ಟಿಲಿನ ಎತ್ತರಕ್ಕೆ ಒಂದು ಅಗಲ ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆಯಷ್ಟಾಗಬೇಕು ಎಂಬ ಸೂತ್ರವನ್ನು ಹದಿನೇಳನೆಯ ಶತಮಾನದಲ್ಲೇ ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಹೇಳಿಟ್ಟಿದ್ದ. ಏರುವಾಗ ಕಾಲು ಮೇಲೆತ್ತಿದಷ್ಟೂ ಹೆಜ್ಜೆ ಗಿಡ್ಡವಾಗುತ್ತದೆ ಎಂಬ ಸರಳ ಗಮನಿಕೆ ಅದು. ನಮ್ಮ ಸಹಾಯಕ ಎಂಜಿನಿಯರ್ ಅಂಚಿನಲ್ಲಿ ಗೀಚಿದ 175 ಮತ್ತು 270ನ್ನು ಆ ಸೂತ್ರಕ್ಕೆ ಹಾಕಿದರೆ 620 ಬರುತ್ತದೆ. ಈಗಿನವರು ಒಪ್ಪುವುದು ಹೆಚ್ಚುಕಡಿಮೆ 600ರಿಂದ 640. ಅಂದರೆ ಆ ಅಂಕಿಗಳು ಬಾಯಿಗೆ ಬಂದವಲ್ಲ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಸುರಂಗ ರೈಲು ನಿಲ್ದಾಣದ ಮೆಟ್ಟಿಲುಗಳ ಕಥೆಯೂ ಸಿಕ್ಕಿತು. ಅಲ್ಲಿ ಒಂದೇ ಒಂದು ಮೆಟ್ಟಿಲು ಉಳಿದವುಗಳಿಗಿಂತ ಸುಮಾರು ಅರ್ಧ ಅಂಗುಲ ಎತ್ತರವಿತ್ತು. 2012ರಲ್ಲಿ ಒಬ್ಬರು ದೂರದಲ್ಲಿ ನಿಂತು ಹತ್ತುವವರನ್ನು ಚಿತ್ರೀಕರಿಸಿದರು. ಒಬ್ಬರಾದ ಮೇಲೆ ಒಬ್ಬರು ಅದೇ ಮೆಟ್ಟಿಲಿಗೆ ಎಡವುತ್ತಾರೆ. ಮಗುವನ್ನು ಎತ್ತಿಕೊಂಡವನೂ ಎಡವುತ್ತಾನೆ. ಎಡವಿದ ಪ್ರತಿಯೊಬ್ಬರೂ ತಪ್ಪು ತಮ್ಮದೇ ಎಂದುಕೊಂಡು ಮುಂದೆ ಹೋಗಿರಬೇಕು. ಚಿತ್ರ ಹೊರಬಿದ್ದ ಮೇಲೆ ಆ ಮೆಟ್ಟಿಲುಗಳನ್ನು ಸರಿಪಡಿಸಿದರು. ಅಲ್ಲಿ ಅರ್ಧ ಅಂಗುಲ. ನಮ್ಮ ನಕ್ಷೆಯಲ್ಲಿ ಮೂರು.

ಮಂಗಳವಾರ ಬೆಳಿಗ್ಗೆ ಟೇಪು ಹಿಡಿದು ನಮ್ಮದೇ ಮನೆಯ ತಾರಸಿಗೆ ಹೋಗುವ ಹೊರಗಿನ ಮೆಟ್ಟಿಲುಗಳನ್ನು ಅಳೆದೆ. ಅಪ್ಪ ಇದ್ದಾಗ ಕಟ್ಟಿಸಿದ್ದು. ಅದಕ್ಕೆ ಯಾರ ಅನುಮತಿ ಕೇಳಿದ್ದರೋ ಆ ಕಾಲದಲ್ಲಿ. 178, 180, 176 ಎಂದು ಹೋಗುತ್ತಿದ್ದ ಅಳತೆ ನಾಲ್ಕನೆಯದರಲ್ಲಿ 205 ಆಯಿತು. ತಪ್ಪಾಗಿರಬೇಕೆಂದು ಇನ್ನೊಮ್ಮೆ ಹಿಡಿದೆ. 205. ಅಷ್ಟರಲ್ಲಿ ಅಮ್ಮ ಒಣಗಿದ ಬಟ್ಟೆ ತೆಗೆದುಕೊಂಡು ಮೇಲಿನಿಂದ ಇಳಿದು ಬರುತ್ತಿದ್ದರು. ಬಟ್ಟೆಯ ರಾಶಿ ಎದೆಗೆ ಅವಚಿಕೊಂಡಿದ್ದರಿಂದ ಅವರಿಗೆ ಕಾಲು ಕಾಣುತ್ತಿರಲಿಲ್ಲ. ಆ ಮೆಟ್ಟಿಲು ಹತ್ತಿರವಾದಾಗ ನಿಂತು, ಎಡಗೈಯನ್ನು ಗೋಡೆಗೆ ಊರಿ, ಬಲಗಾಲನ್ನು ನಿಧಾನವಾಗಿ ಇಳಿಬಿಟ್ಟು, ಹೆಬ್ಬೆರಳಿನಿಂದ ನೆಲವನ್ನು ಮುಟ್ಟಿ ನೋಡಿ, ಆಮೇಲೆ ಮೈಭಾರ ಬಿಟ್ಟರು. ಗೋಡೆಯ ಮೇಲೆ ಆ ಜಾಗದಲ್ಲಿ ಸುಣ್ಣ ಸವೆದು ಅಂಗೈ ಅಗಲದ ಕಪ್ಪು ಕಲೆಯಾಗಿದೆ. ಅದನ್ನು ನಾನು ವರ್ಷಗಳಿಂದ ಬಣ್ಣ ಬಳಿಯಬೇಕಾದ ಕಲೆ ಎಂದು ನೋಡಿದ್ದೆ.

"ಇಲ್ಲಿ ಯಾಕೆ ನಿಲ್ಲುತ್ತೀರಿ ಅಮ್ಮ?"

"ಅದು ಮೋಸದ ಮೆಟ್ಟಿಲು. ನಿನಗೆ ಗೊತ್ತಿಲ್ಲವೇನು?" ಎಂದು ಅವರೇ ಆಶ್ಚರ್ಯಪಟ್ಟರು.

ಹಾಗೆಂದು ನಗರಸಭೆಯ ಮೇಲಿನ ನನ್ನ ಸಿಟ್ಟೆಲ್ಲ ಇಳಿಯಿತು ಎಂದುಕೊಳ್ಳಬೇಡಿ. ಆ ಆಕ್ಷೇಪಣೆಗಳ ಪಟ್ಟಿಯನ್ನು ಈಗ ಮತ್ತೆ ಓದಿದರೆ ಮೈ ಉರಿಯುತ್ತದೆ. ನಾಲ್ಕನೆಯದು, ಶೀರ್ಷಿಕೆ ಚೌಕದಲ್ಲಿ ಅಕ್ಷರದ ಗಾತ್ರ ಸರಿಯಿಲ್ಲ. ಐದನೆಯದು, ಮೆಟ್ಟಿಲಿನ ಛೇದ ನಕ್ಷೆ ಪರಿಶೀಲಿಸಿ. ಆರನೆಯದು, ಮುಚ್ಚಳಿಕೆಯ ಕೊನೆಯ ಪುಟ ಲಗತ್ತಿಸಿಲ್ಲ. ಒಂದೇ ಗಾತ್ರದ ಅಕ್ಷರ, ಒಂದೇ ಒಣ ಭಾಷೆ. ಅಮ್ಮನ ಸೊಂಟ ಮುರಿಯುವ ಸಂಗತಿಗೂ ಅಕ್ಷರದ ಗಾತ್ರಕ್ಕೂ ಅಲ್ಲಿ ಒಂದೇ ತೂಕ. ನಿಯಮ ಯಾಕಿದೆ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು, ಮನೆಯಲ್ಲೇ ಕುಳಿತು ತಿದ್ದುತ್ತಿದ್ದೆ. ರಸೀದಿ ಮಸುಕು, ಬಾಣ ಇಲ್ಲ ಎಂದು ವಾರಗಟ್ಟಲೆ ಅಲೆಸಿದ ಕಚೇರಿಯೊಂದು ಒಂದು ದಿನ ನಿಜವಾದ ಮಾತು ಹೇಳಿದರೆ ಅದನ್ನು ನಿಜವೆಂದು ಕೇಳಿಸಿಕೊಳ್ಳುವ ಕಿವಿ ಯಾರಿಗೆ ಉಳಿದಿರುತ್ತದೆ? ಆಕೆಯ ಮುಂದೆ ಬಾಗಿ ಪಿಸುಗುಟ್ಟಿದ್ದು ನನ್ನ ತಪ್ಪೇ. ಆದರೆ ಹಾಗೆ ಬಾಗುವುದನ್ನು ನನ್ನ ಬೆನ್ನಿಗೆ ಕಲಿಸಿದ್ದು ಆ ಕಟ್ಟಡವೇ, ಆಕೆ ಅಲ್ಲಿಗೆ ಬರುವ ಎಷ್ಟೋ ವರ್ಷ ಮೊದಲು.

ಆಕೆಯ ಸ್ಥಿತಿ ನೆನೆದರೆ ಇನ್ನೂ ಕಷ್ಟವಾಗುತ್ತದೆ. ಸರಿಯಾಗಿ ನೋಡಿ ಕೆಂಪು ವೃತ್ತ ಎಳೆದಷ್ಟೂ ಮೇಜಿನ ಎದುರು ಕುಳಿತವರು ದನಿ ತಗ್ಗಿಸುತ್ತಾರೆ. ನೋಡದೆ ಸಹಿ ಹಾಕಿದರೆ ಒಳ್ಳೆಯವರು ಎನ್ನುತ್ತಾರೆ.

ಬುಧವಾರ ಹೊಸ ನಕ್ಷೆ ಬಂತು. ಹದಿನೆಂಟು ಮೆಟ್ಟಿಲು, ಎಲ್ಲವೂ 175. ಹಜಾರ ಮೊದಲಿನಷ್ಟೇ ಚಿಕ್ಕದು. ಸೋಫಾ ಎಲ್ಲಿಡುವುದು ಎಂಬ ಜಗಳ ಮನೆಯಲ್ಲಿ ಆಗಲೇ ಶುರುವಾಗಿದೆ. ಹಾಳೆಗಳನ್ನು ಸುರುಳಿ ಸುತ್ತಿ ಕೊಡುತ್ತಾ ಎಂಜಿನಿಯರರು ಮೆಲ್ಲಗೆ ಕೇಳಿದರು: "ಕೊನೆಗೆ ಎಷ್ಟಕ್ಕೆ ಒಪ್ಪಿದರು ಸರ್?"

"ಮೂರು ಮೆಟ್ಟಿಲಿಗೆ" ಎಂದೆ.

ಅವರು ನಕ್ಕು, ಹೇಳಲು ಇಷ್ಟವಿಲ್ಲದಿದ್ದರೆ ಬೇಡ ಬಿಡಿ ಎಂದರು.

ನಿನ್ನೆ ಸಂಜೆ ಮೊಬೈಲಿಗೆ ಸಂದೇಶ ಬಂದಿದೆ. ಕಡತ ಮತ್ತೆ ವಾಪಸು. ಒಂದೇ ಆಕ್ಷೇಪಣೆ: ಎರಡನೆಯ ಹಾಳೆಯಲ್ಲಿ ಅರ್ಜಿದಾರರ ಸಹಿ ಇಲ್ಲ.