ಸತು ಎಷ್ಟಿದೆ ಎಂಬುದಲ್ಲ, ಎಲ್ಲಿ ಕುಳಿತಿದೆ ಎಂಬುದು

ಮಣ್ಣು ಪರೀಕ್ಷೆಯ ವರದಿಯಲ್ಲಿ ಸತುವಿನ ಅಂಕಿ ಸ್ವಲ್ಪ ಮೇಲೆ ಕಂಡೊಡನೆ "ನಮ್ಮ ಗುಡ್ಡೆಯಲ್ಲಿ ಅದಿರು ಇರಬಹುದೋ ಮಾಷ್ಟ್ರೇ?" ಎಂದು ಕೇಳುವವರು ಕಾಸರಗೋಡಿನಲ್ಲಿ ನನಗೆ ಆಗಾಗ ಸಿಗುತ್ತಾರೆ. ಆ ಅಂಕಿಯೊಂದನ್ನೇ ನಂಬಿ ಉತ್ತರಿಸಲಾಗದು. ಭೂಮಿಯ ಹೊರಪದರದಲ್ಲಿ ಸರಾಸರಿ ಹತ್ತು ಲಕ್ಷಕ್ಕೆ ಸುಮಾರು 70 ಪಾಲು ಸತು ಹೇಗೂ ಇರುತ್ತದೆ. ನಮ್ಮ ಮುರಕಲ್ಲಿನಲ್ಲಿರುವ ಕಬ್ಬಿಣ, ಮ್ಯಾಂಗನೀಸುಗಳ ಆಕ್ಸೈಡುಗಳು ನೀರಿನಲ್ಲಿ ಕರಗಿ ಬಂದ ಸತುವನ್ನು ಹಿಡಿದಿಟ್ಟುಕೊಳ್ಳುತ್ತವೆ; ತೋಟಕ್ಕೆ ಹಾಕಿದ ಜಿಂಕ್ ಸಲ್ಫೇಟ್, ಸತುವಿನ ಲೇಪವಿರುವ ಹಳೆಯ ಜಿ.ಐ. ಕಬ್ಬಿಣದ ಪೈಪು ಕೂಡ ಅಂಕಿಯನ್ನು ಏರಿಸಬಲ್ಲವು.

ಇದಕ್ಕೆ ತಿರುಗುಮುರುಗಾದ ತೊಡಕೂ ಇದೆ. ನಿಜವಾದ ನಿಕ್ಷೇಪದ ನೆತ್ತಿಯಲ್ಲಿ ಸಲ್ಫೈಡುಗಳು (ಲೋಹ ಮತ್ತು ಗಂಧಕ ಕೂಡಿದ ಖನಿಜಗಳು) ಗಾಳಿ, ನೀರಿಗೆ ಸಿಕ್ಕಿ ಆಮ್ಲವಾದಾಗ ಸತು ಕರಗಿ ಹರಿದುಹೋಗುತ್ತದೆ, ಸೀಸ ಬಹುಪಾಲು ಅಲ್ಲೇ ಉಳಿಯುತ್ತದೆ. ರಾಜಸ್ಥಾನದ ರಾಂಪುರ ಆಗೂಚದ ದೊಡ್ಡ ನಿಕ್ಷೇಪವು 1977ರಲ್ಲಿ ಬೆಳಕಿಗೆ ಬಂದದ್ದು ಇಂತಹ ನೆತ್ತಿಯಲ್ಲಿ ಉಳಿಯುವ ತುಕ್ಕುಬಣ್ಣದ ಹೊದಿಕೆಯ, ಅಂದರೆ ಗಾಸನ್‌ನ, ಜಾಡು ಹಿಡಿದು.

ಆದ್ದರಿಂದ ನನಗೆ ಹೆಚ್ಚು ಭರವಸೆ ಇರುವುದು ಬಿಡಿ ಖನಿಜಗಳ ವಿಶ್ಲೇಷಣೆಯಲ್ಲಿ, ಅದರಲ್ಲೂ ಗಾನೈಟ್‌ನಲ್ಲಿ. ಇದು ಸತು ಮತ್ತು ಅಲ್ಯೂಮಿನಿಯಂ ಕೂಡಿದ ಕಡುಹಸಿರು ಖನಿಜ, ಗಡಸುತನ 7.5ರಿಂದ 8, ಸಾಂದ್ರತೆ ಸ್ಫಟಿಕಶಿಲೆಗಿಂತ ಬಹಳ ಹೆಚ್ಚು. ಸತುವಿನ ಸಲ್ಫೈಡು ಕೊಳೆತು ಕರಗಿದರೂ ಇದು ಹೊಳೆಯ ಮರಳಿನಲ್ಲಿ ಹಾಗೆಯೇ ಉಳಿಯುತ್ತದೆ. ಅಗಲವಾದ ತಟ್ಟೆಯಲ್ಲಿ ಮರಳು ಜಾಲಿಸಿದಾಗ ತಳದಲ್ಲಿ ನಿಲ್ಲುವ ಕಪ್ಪು ಕಾಳುಗಳ ನಡುವೆ ಸಾಸಿವೆಗಿಂತ ಚಿಕ್ಕದಾದ, ಬೆಳಕಿಗೆ ಹಿಡಿದರೆ ಮಾತ್ರ ಹಸಿರೆಂದು ತಿಳಿಯುವ ಕಾಳನ್ನು ಹುಡುಕಬೇಕು. ಆದರೆ ಗಾನೈಟ್ ಸತುವಿನ ನಿಕ್ಷೇಪವಿಲ್ಲದ ಕಡೆ, ಪೆಗ್ಮಟೈಟ್ ಎಂಬ ದಪ್ಪ ಹರಳಿನ ಶಿಲೆಗಳಲ್ಲಿಯೂ ಹುಟ್ಟುತ್ತದೆ. ಎಲೆಕ್ಟ್ರಾನ್ ಮೈಕ್ರೋಪ್ರೋಬ್‌ನಲ್ಲಿ (ಒಂದೊಂದು ಕಾಳಿನ ಧಾತುಗಳನ್ನು ಅಳೆಯುವ ಯಂತ್ರ) ಸತು, ಕಬ್ಬಿಣ, ಮೆಗ್ನೀಸಿಯಂಗಳ ಪಾಲನ್ನು ಅಳೆದು ತ್ರಿಕೋನ ನಕ್ಷೆಯ ಮೇಲೆ ಗುರುತಿಸಿದರೆ, ಪೆಗ್ಮಟೈಟಿನವು ಸಾಮಾನ್ಯವಾಗಿ ಮೆಗ್ನೀಸಿಯಂ ತೀರಾ ಕಡಿಮೆ ಇರುವ ಕಡೆಗೂ, ಭೂಮಿಯೊಳಗಿನ ಶಾಖ, ಒತ್ತಡಗಳಿಂದ ರೂಪಾಂತರಗೊಂಡ ಸಲ್ಫೈಡ್ ನಿಕ್ಷೇಪಗಳವು ಮೆಗ್ನೀಸಿಯಂ ಇರುವ ಕಡೆಗೂ ಬೀಳುತ್ತವೆ.

ಬಂಡೆಯಲ್ಲಿ ಸ್ಫ್ಯಾಲರೈಟ್, ಅಂದರೆ ಸತುವಿನ ಸಲ್ಫೈಡು, ಸಿಕ್ಕಿದರೆ ಕೆಲಸ ಇನ್ನೂ ಹಗುರ. ಅದರ ಪುಡಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಶುದ್ಧವಾಗಿದ್ದರೆ ಅದರಲ್ಲಿ ಶೇ. 67ರಷ್ಟು ಸತು, ಉಳಿದ ಸೂಚನೆಗಳು ಸತುವಿನ ಜಾಗದಲ್ಲಿ ನುಸುಳಿದ ಧಾತುಗಳಲ್ಲಿವೆ. ಜರ್ಮೇನಿಯಂ ಹೆಚ್ಚಿದ್ದರೆ ಸುಣ್ಣಕಲ್ಲಿನ ನಡುವೆ ಕಡಿಮೆ ಉಷ್ಣತೆಯ ದ್ರಾವಣದಿಂದ ಇಳಿದದ್ದಿರಬಹುದು, ಕಬ್ಬಿಣ ಮತ್ತು ಇಂಡಿಯಂ ಹೆಚ್ಚಿದ್ದರೆ ಬಿಸಿ ದ್ರಾವಣದಿಂದ. ಎರಡಕ್ಕೂ ಮುಂದೆ ಅರಸಬೇಕಾದ ಶಿಲೆ ಬೇರೆ ಬೇರೆ. ಡ್ರಿಲ್ಲಿಂಗಿಗೆ ಜಾಗ ಗೊತ್ತುಮಾಡುವುದು ಅದು ತೀರ್ಮಾನವಾದ ಮೇಲೆ.