‘ಎ ಹೀರೋ’ ಪಾಠ, ನಮ್ಮಜ್ಜಿ ಮತ್ತೆ ಆ ಮರ

ಎಸ್ಸೆಸ್ಸೆಲ್ಸಿ ಮೊದಲನೇ ಪ್ರಿಪರೇಟರಿಯಲ್ಲಿ ನಂಗೆ ಇಂಗ್ಲಿಷ್‌ನಲ್ಲಿ ಬಂದಿದ್ದು 80ಕ್ಕೆ 22. ಆಗ ಪಾಸಾಗೋಕೆ 28 ಬೇಕಿತ್ತು. ಬೇರೆ ಸಬ್ಜೆಕ್ಟ್ ಎಲ್ಲಾ ಪರವಾಗಿರ್ಲಿಲ್ಲ, ಸಮಾಜ ಅಂತೂ ನಂಗೆ ಬಲು ಇಷ್ಟ, ಗಣಿತನೂ ಹೆಂಗೋ ದಾಟ್ತಿತ್ತು, ಆದ್ರೆ ಇಂಗ್ಲಿಷ್ ಪುಸ್ತಕ ತೆಗೆದ್ರೆ ಸಾಕು ಹೊಟ್ಟೆ ಒಳಗೆ ಏನೋ ಹಿಂಡಿದಂಗೆ ಆಗೋದು. ನಮ್ದು ಎಚ್.ಡಿ. ಕೋಟೆ ತಾಲ್ಲೂಕಲ್ಲಿ ಕಾಡಂಚಿನ ಊರು, ಓದಿದ್ದು ಕನ್ನಡ ಮೀಡಿಯಂ ಸರ್ಕಾರಿ ಹೈಸ್ಕೂಲು, ಮನೇಲಿ ಇಂಗ್ಲಿಷ್ ಓದೋಕೆ ಬರೋರು ನನ್ನ ಬಿಟ್ರೆ ಯಾರೂ ಇಲ್ಲ, ನಂಗೂ ಬರ್ತಿರ್ಲಿಲ್ಲ ಅನ್ನೋದು ಆ 22ರಿಂದ ಗೊತ್ತಾಗಿತ್ತು.

28ಕ್ಕಿಂತ ಕಮ್ಮಿ ಬಂದವರನ್ನೆಲ್ಲ ಸಂಜೆ ಸ್ಪೆಷಲ್ ಕ್ಲಾಸಲ್ಲಿ ಒಂದು ಕಡೆ ಕೂರಿಸಿ ಮಿಸ್ಸು ಪಾಸಿಂಗ್ ಪ್ಯಾಕೇಜ್ ಅಂತ ಕೊಟ್ರು. ಪಿನ್ ಹೊಡೆದ ಜೆರಾಕ್ಸ್ ಹಾಳೆಗಳು, ಅದ್ರಲ್ಲಿ ಬೈಹಾರ್ಟ್ ಪೋಯಂ, ಲೆಟರ್ ರೈಟಿಂಗ್ ಮಾದರಿ, ಪ್ರೊಫೈಲ್ ಬರೆಯೋದು, ಆಮೇಲೆ ಒಂದೊಂದು ಪಾಠಕ್ಕೆ ಬಂದೇ ಬರುತ್ತೆ ಅನ್ನೋ ನಾಕೈದು ಪ್ರಶ್ನೆ. ಮೊದಲನೇ ಪಾಠನೇ ಆರ್.ಕೆ. ನಾರಾಯಣ್ ಅವರ ‘ಎ ಹೀರೋ’. ಅದನ್ನ ಜೂನ್‌ನಲ್ಲೇ ಮಾಡಿ ಮುಗಿಸಿದ್ರು, ಹಾಗಾಗಿ ಎಲ್ಲರಿಗೂ ಅದು ಬರುತ್ತೆ ಅಂತ ಲೆಕ್ಕ.

ಕಥೆ ಗೊತ್ತಿಲ್ದೋರಿಗೆ ಹೇಳ್ತೀನಿ. ಸ್ವಾಮಿ ಅಂತ ಒಬ್ಬ ಹುಡುಗ. ಅವರಪ್ಪ ಒಂದಿನ ಪೇಪರ್ ಓದ್ತಾ ಒಂದು ಸುದ್ದಿ ತೋರಿಸ್ತಾರೆ, ಯಾವ್ದೋ ಹಳ್ಳಿ ಹುಡುಗ ಕಾಡುದಾರೀಲಿ ಮನೆಗೆ ಬರ್ತಾ ಹುಲಿಗೆ ಎದುರಾಗಿ ಹೋರಾಡಿದ ಅಂತ. ಸ್ವಾಮಿ ನಂಬಲ್ಲ, ಅವನು ಹುಡುಗ ಆಗಿರೋಕೆ ಸಾಧ್ಯಾನೇ ಇಲ್ಲ, ಗಟ್ಟಿಮುಟ್ಟಾದ ದೊಡ್ಡೋನೇ ಇರ್ಬೇಕು ಅಂತಾನೆ. ಅಪ್ಪ ಹೇಳ್ತಾರೆ, ವಯಸ್ಸು ಶಕ್ತಿ ಮುಖ್ಯ ಅಲ್ಲ, ಧೈರ್ಯ ಮುಖ್ಯ, ನಿಂಗೆ ಧೈರ್ಯ ಇದ್ರೆ ಇವತ್ತು ರಾತ್ರಿ ನನ್ನ ಆಫೀಸ್ ರೂಮಲ್ಲಿ ಒಬ್ಬನೇ ಮಲಗು. ದಿನಾ ಅಜ್ಜಿ ಪಕ್ಕ ಮಲಗೋ ಹುಡುಗ ಅದು. ಏನೇನೋ ನೆಪ ಹೇಳ್ತಾನೆ, ರೂಮಲ್ಲಿ ಧೂಳು, ಲಾ ಪುಸ್ತಕದ ಹಿಂದೆ ಚೇಳಿರ್ಬೋದು, ದೀಪ ಇಟ್ಕೊಳ್ಳಾ, ಬಾಗ್ಲಾದ್ರೂ ತೆಗೆದಿಡಿ ಅಂತ. ಕೊನೆಗೆ ಮಲಗ್ತಾನೆ, ಹೆದ್ರಿಕೊಂಡು ಬೆಂಚಿನ ಕೆಳಗೆ ಸೇರ್ಕೋತಾನೆ, ರಾತ್ರಿ ಏನೋ ಕರೀದು ಹತ್ರ ಬರುತ್ತೆ, ದೆವ್ವನೇ ನನ್ನ ಎಳ್ಕೊಂಡು ಹೋಗೋಕೆ ಬಂತು ಅಂತ ಅದರ ಕಾಲು ಹಿಡ್ಕೊಂಡು ಕಚ್ಚಿ ಬಿಡ್ತಾನೆ. ನೋಡಿದ್ರೆ ಕಳ್ಳ. ಜಿಲ್ಲೆಗೇ ಹೆಸರಾದ ಕಳ್ಳ. ಸ್ವಾಮಿ ಹೀರೋ ಆಗ್ತಾನೆ.

ನಾನು ಇದನ್ನ ಹೆಂಗೆ ಓದ್ತಿದ್ದೆ ಅಂದ್ರೆ, ಇಂಗ್ಲಿಷ್ ಉತ್ತರದ ಕೆಳಗೆ ಪೆನ್ಸಿಲಲ್ಲಿ ಕನ್ನಡ ಅಕ್ಷರದಲ್ಲಿ ಬರ್ಕೋತಿದ್ದೆ. ‘ಸ್ವಾಮಿ ಬಿಟ್ ದ ಲೆಗ್ ಆಫ್ ದ ಬರ್ಗ್ಲರ್.’ ಬರ್ಗ್ಲರ್ ಅನ್ನೋಕೆ ನಾಲಿಗೆ ತಿರುಗ್ತಿರ್ಲಿಲ್ಲ, ಸ್ಪೆಲ್ಲಿಂಗಂತೂ ಪ್ರತಿ ಸಲಾನೂ ಎ ಎಲ್ಲಿ ಯು ಎಲ್ಲಿ ಅಂತ ಅದಲು ಬದಲು. ಪಾಠದಲ್ಲಿ ಆ ಹಳ್ಳಿ ಹುಡುಗನ ಬಗ್ಗೆ ‘ಫ್ಲೈಟ್ ಅಪ್ ಎ ಟ್ರೀ’ ಅಂತ ಒಂದು ಮಾತಿದೆ, ನಂಗೆ ಫ್ಲೈಟ್ ಅಂದ್ರೆ ವಿಮಾನ ಅಂತಲೇ ಗೊತ್ತಿದ್ದಿದ್ದು, ಮರಕ್ಕೂ ವಿಮಾನಕ್ಕೂ ಏನು ಸಂಬಂಧ ಅಂತ ಅರ್ಥ ಆಗ್ದೆ ಆ ಸಾಲನ್ನ ಹಂಗೇ ಬಿಟ್ಟು ಮುಂದಕ್ಕೆ ಹೋಗ್ತಿದ್ದೆ. ಪ್ಯಾಕೇಜ್ ಹಾಳೇಲಿ ಆ ಸಾಲಿನ ಮೇಲೆ ಪ್ರಶ್ನೆನೂ ಇರ್ಲಿಲ್ಲ.

ಇಲ್ಲಿ ಒಂದು ಮಾತು ಹೇಳ್ಲೇಬೇಕು. ಆಮೇಲೆ ಡಿಗ್ರಿಗೆ ಮೈಸೂರಿಗೆ ಬಂದಾಗ ಯಾದವಗಿರೀಲಿ ನಾರಾಯಣ್ ಅವರ ಮನೆ ನೋಡೋಕೆ ಹೋಗಿದ್ದೆ, 2016ರಿಂದ ಅದು ಮ್ಯೂಸಿಯಂ. ಅವರ ಬಗ್ಗೆ ಓದ್ತಾ ಹೋದ್ಮೇಲೆ ಗೊತ್ತಾಯ್ತು, ಯೂನಿವರ್ಸಿಟಿಗೆ ಸೇರೋ ಪರೀಕ್ಷೇಲಿ ಅವರು ಫೇಲಾಗಿದ್ರು, ಅದೂ ಇಂಗ್ಲಿಷ್‌ನಲ್ಲಿ! ಅವರಪ್ಪನೇ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರ್. ಒಂದು ವರ್ಷ ಮನೇಲಿ ಕೂತು ಸಿಕ್ಕಿದ್ದೆಲ್ಲ ಓದಿ, ಆಮೇಲೆ 1930ರಲ್ಲಿ ಬಿ.ಎ. ಮುಗಿಸಿದ್ರಂತೆ. ಚಿಕ್ಕಂದಿನಲ್ಲಿ ಬೆಳೆದಿದ್ದು ಮದ್ರಾಸಲ್ಲಿ ಅಜ್ಜಿ ಹತ್ರ. ಸ್ವಾಮಿಗೆ ಪಕ್ಕದಲ್ಲಿ ಅಜ್ಜಿ ಯಾಕೆ ಬೇಕು ಅನ್ನೋದು ಬರೆದೋರಿಗೆ ಚೆನ್ನಾಗೇ ಗೊತ್ತಿತ್ತು ಅನ್ಸುತ್ತೆ ನಂಗೆ. ಇದನ್ನ ಆ ಸ್ಪೆಷಲ್ ಕ್ಲಾಸಲ್ಲಿ ಕೂತಿದ್ದ ಹದಿಮೂರು ಜನಕ್ಕೆ ಯಾರಾದ್ರೂ ಒಂದೇ ಒಂದು ಸಲ ಹೇಳಿದ್ರೆ ಎಷ್ಟು ಸಮಾಧಾನ ಆಗ್ತಿತ್ತು.

ಸರಿ, ಆ ದಿನಕ್ಕೆ ಬರ್ತೀನಿ. ಎರಡನೇ ಪ್ರಿಪರೇಟರಿ ಇಂಗ್ಲಿಷ್ ಪೇಪರಿನ ಹಿಂದಿನ ರಾತ್ರಿ, ಫೆಬ್ರವರಿ. ಕರೆಂಟು ಹೋಗಿತ್ತು. ಅಪ್ಪ ರಾಗಿ ಕಣ ಕಾಯೋಕೆ ಹೋಗಿದ್ರು, ಅವ್ವ ಒಳಗೆ ಮುದ್ದೆ ಪಾತ್ರೆ ತೊಳೀತಿದ್ಲು, ನಾನು ಜಗಲಿ ಮೇಲೆ ಚಾರ್ಜರ್ ಲೈಟ್ ಇಟ್ಕೊಂಡು ಅದೇ ಬರ್ಗ್ಲರ್ ಬರ್ಗ್ಲರ್ ಅಂತ ಹೇಳ್ಕೋತಿದ್ದೆ. ಅಜ್ಜಿ ಗೋಡೆಗೆ ಒರಗಿ ಎಲೆ ಅಡಿಕೆ ಕುಟ್ತಾ ಇದ್ಲು. ಹಲ್ಲಿಲ್ಲ ಅಂತ ಒಂದು ಪುಟ್ಟ ಒರಳು, ಟಕ್ ಟಕ್ ಅಂತ. ಅದು ನಿಂತುಹೋಯ್ತು.

“ಏನ್ ಮಗ ಅದು, ಮಂತ್ರ ಯೋಳ್ದಂಗೆ ಯೋಳ್ತಾ ಇದ್ದೀಯೆ, ಕನ್ನಡದಲ್ಲಿ ಯೋಳು ನಂಗೂವೆ.”

ನಂಗೆ ಸಿಟ್ಟು ಬಂತು ನಿಜ ಹೇಳ್ಬೇಕಂದ್ರೆ, ನಾಳೆ ಪೇಪರಿದೆ ಈಗ ಕಥೆ ಹೇಳ್ಕೊಂಡು ಕೂರೋದಾ ಅಂತ. ಆದ್ರೆ ತಲೆಗೆ ಒಂದಕ್ಷರಾನೂ ಹೋಗ್ತಿರ್ಲಿಲ್ಲ, ಹಾಳೆ ಮಡಚಿಟ್ಟು ಹೇಳೋಕೆ ಶುರು ಮಾಡ್ದೆ. ಒಬ್ಬ ಹುಡುಗ ಹುಲಿ ಜೊತೆ ಹೋರಾಡ್ದ ಅಂತ ಪೇಪರಲ್ಲಿ ಬಂದಿತ್ತಂತೆ ಅಜ್ಜಿ, ಅಂದ ತಕ್ಷಣ ಅಜ್ಜಿ ಎದ್ದು ಕೂತ್ಲು.

“ಯಾವೂರ್ ಉಲಿ?”

“ಕಥೆ ಕನಜ್ಜಿ.”

“ಕತೆ ಆದ್ರೂ ಉಲಿ ಉಲಿಯೇ ಕನ್ ಮಗ. ಉಡ್ಗ ಏನ್ ಮಾಡ್ದ?”

ನಮ್ಮೂರಲ್ಲಿ ಹುಲಿ ಅನ್ನೋದು ಪೇಪರಲ್ಲಿ ಬರೋ ಸುದ್ದಿ ಅಷ್ಟೇ ಅಲ್ಲ. ನಾಗರಹೊಳೆ ಕಾಡು ನಮ್ಮ ಹತ್ತಿ ಹೊಲದ ಆಚೆಗೇ ಶುರು, ನಡುವೆ ಒಂದು ಆನೆ ಕಂದಕ ಅಷ್ಟೇ. ದನ ಒಂದು ಸಂಜೆ ಬರ್ಲಿಲ್ಲ ಅಂದ್ರೆ ಇಡೀ ಬೀದಿ ಸುಮ್ಮನಾಗಿಬಿಡುತ್ತೆ. ನಾನು ಎಂಟು ತಿಂಗಳಿಂದ ಓದ್ತಿದ್ದ ಪಾಠದ ಹುಲೀನೂ ನಮ್ಮ ಕಂದಕದ ಆಚೆ ಇರೋ ಹುಲೀನೂ ಒಂದೇ ಅಂತ ನಂಗೆ ಅಲ್ಲೀತನಕ ಒಂದಿನವೂ ಅನ್ನಿಸಿರ್ಲಿಲ್ಲ. ಅದು ಇಂಗ್ಲಿಷ್ ಹುಲಿ, ಟಿ ಐ ಜಿ ಇ ಆರ್.

ಹುಡುಗ ಏನ್ ಮಾಡ್ದ ಅಂತ ಅಜ್ಜಿ ಕೇಳಿದ್ಳಲ್ಲ, ಆಗ ಪುಸ್ತಕ ತೆಗೆದು ಲೈಟ್ ಹಿಡಿದು ಆ ಸಾಲು ಹುಡುಕಿದೆ. ಫ್ಲೈಟ್. ಗೈಡ್ ಹಿಂದುಗಡೆ ಅರ್ಥ ಕೊಟ್ಟಿದ್ರು, ಪಲಾಯನ, ಓಡಿಹೋಗುವುದು. ಓಹ್ ಅಂತ ಆಯ್ತು. ಹುಡುಗ ಓಡಿಹೋಗಿ ಮರ ಹತ್ತಿದಾನೆ, ಅರ್ಧ ದಿನ ಅಲ್ಲೇ ಕೂತಿದಾನೆ, ಆಮೇಲೆ ಆ ಕಡೆ ಬಂದ ಜನ ಹುಲಿ ಕೊಂದಿದಾರೆ.

ಅಜ್ಜಿ ತಲೆ ಆಡಿಸಿದ್ಲು. “ಸರ್ಯಾಗ್ ಮಾಡವ್ನೆ ಬುಡು. ಉಲಿ ಬಂದ್ರೆ ಮರ ಅತ್ತದೆ ಇನ್ನೇನ್ ಮಾಡದು.”

ಆಮೇಲೆ ಅವಳೇ ಹೇಳೋಕೆ ಶುರು ಮಾಡಿದ್ಲು. ಕಬಿನಿ ಕಟ್ಟೆ ಕಟ್ಟೋಕೂ ಮುಂಚಿನ ಮಾತು. ಅವಳ ತಮ್ಮ, ನಾನು ನೋಡಿಲ್ಲ ಅವರನ್ನ, ಹನ್ನೆರಡೋ ಹದಿಮೂರೋ ವಯಸ್ಸು, ದನ ಮೇಯಿಸೋಕೆ ಹೋಗಿದ್ದಾಗ ಹುಲಿ ಕರು ಹಿಡೀತು. ಹುಡುಗ ಮತ್ತಿ ಮರ ಹತ್ತಿ ಕೂತ. ದನ ಎಲ್ಲಾ ಚೆಲ್ಲಾಪಿಲ್ಲಿಯಾಗಿ ಊರಿಗೆ ಬಂದ್ವು, ಹುಡುಗ ಮಾತ್ರ ಇಲ್ಲ. ಊರೋರು ತಮಟೆ ಹೊಡ್ಕೊಂಡು ಹೋಗಿ ನೋಡಿದ್ರೆ ಕತ್ತಲಾಗೋ ಹೊತ್ತಿಗೆ ಮರದ ಮೇಲೆ ಸಿಕ್ಕಿದ, ತಲೆಗೆ ಸುತ್ತಿದ್ದ ಟವಲ್ ಬಿಚ್ಚಿ ಸೊಂಟನ ಕೊಂಬೆಗೆ ಕಟ್ಕೊಂಡಿದ್ದನಂತೆ, ಜೋಂಪು ಹತ್ತಿದ್ರೆ ಬಿದ್ದೋಗ್ತೀನಿ ಅಂತ. ಗಂಟು ಎಷ್ಟು ಬಿಗಿ ಆಗಿತ್ತು ಅಂದ್ರೆ ಬಿಚ್ಚೋಕಾಗ್ದೆ ಮಚ್ಚಲ್ಲಿ ಟವಲ್ ಕುಯ್ದು ಇಳಿಸಿದ್ರು. ಮೂರು ದಿನ ಜ್ವರ. ಆಮೇಲೆ ಒಂದು ತಿಂಗಳು ಅವ್ವನ ಸೆರಗು ಹಿಡ್ಕೊಂಡೇ ಮಲಗ್ತಿದ್ದ ಅಂದ್ಲು ಅಜ್ಜಿ, ಅದನ್ನ ಹೇಳುವಾಗ ಅವಳ ದನಿಯಲ್ಲಿ ಅವಮಾನದ್ದು ಏನೂ ಇರ್ಲಿಲ್ಲ. ಬದುಕಿ ಬಂದ ಹುಡುಗ ಹಾಗೆ ತಾನೇ ಮಲಗೋದು ಅನ್ನೋ ಹಂಗಿತ್ತು.

“ಅವರಪ್ಪ ಪೇಪರ್ ಓದ್ದ ಅಂದ್ಯಲ್ಲ, ಮರ ಅತ್ತಿದ್ದ ಓದ್ನಿಲ್ವಾ ಅವ್ನು?”

ನಂಗೆ ಉತ್ತರ ಹೊಳೀಲಿಲ್ಲ. ಓದಿರ್ತಾರೆ. ಅದೇ ಸುದ್ದೀಲೇ ಇದೆ. ಆದ್ರೆ ಅದನ್ನ ಬಿಟ್ಟು ಧೈರ್ಯ ಅಂದ್ರೇನು ಅಂತ ಮಗನಿಗೆ ಪಾಠ ಹೇಳಿದಾರೆ. ನಾನೂ ಬಿಟ್ಟಿದ್ದೆ, ಪ್ಯಾಕೇಜೂ ಬಿಟ್ಟಿತ್ತು.

ಮಿಕ್ಕಿದ್ದನ್ನ ಹೇಳ್ತಾ ಹೋದೆ. ಸ್ವಾಮಿ ನಿದ್ದೆ ಬಂದೋನ ಥರ ಅಜ್ಜಿ ಪಕ್ಕ ಮಲಗಿದ್ರೆ, ಆ ಅಜ್ಜಿ ಆಗ್ಲೇ ನಿದ್ದೆ ಬಂತೇನೋ, ಕಥೆ ಬೇಡ್ವಾ ಅಂತ ಕೇಳ್ತಾಳೆ, ಇವನು ಸುಮ್ನಿರು ಅಂತ ಕೈ ಬಾಯಿ ಸನ್ನೆ ಮಾಡ್ತಾನೆ, ಅವಳಿಗೆ ಗೊತ್ತಾಗಲ್ಲ. ಇದು ಕೇಳಿ ನಮ್ಮಜ್ಜಿ ಸೆರಗಲ್ಲಿ ಬಾಯಿ ಮುಚ್ಕೊಂಡು ನಕ್ಳು. ಕಳ್ಳ ಕಚ್ಚಿಸ್ಕೊಂಡು ‘ಅಯ್ಯೋ’ ಅಂತಾನೆ, ಇಂಗ್ಲಿಷ್ ಪುಸ್ತಕದಲ್ಲೂ ‘ಅಯ್ಯೋ’ ಅಂತಲೇ ಬರೆದಿದಾರೆ ಅಂದೆ. “ನೋವಾದಾಗ ಇನ್ನೇನಂದಾನು” ಅಂದ್ಲು. ಕೊನೇಲಿ ಪೊಲೀಸಿನೋರೆಲ್ಲ ಹೊಗಳಿದ್ಮೇಲೂ ಸ್ವಾಮಿ ಮಾರನೇ ರಾತ್ರಿ ಮತ್ತೆ ಅಜ್ಜಿ ಪಕ್ಕಕ್ಕೇ ಹೋಗಿ ಮಲಗ್ತಾನೆ ಅಂದಾಗ ಮಾತ್ರ ಅಜ್ಜಿ ಏನೂ ಅನ್ಲಿಲ್ಲ, ಒರಳು ಎತ್ಕೊಂಡು ಮತ್ತೆ ಟಕ್ ಟಕ್ ಅಂತ ಶುರು ಮಾಡಿದ್ಲು. ಅವತ್ತು ನಾನೂ ಅವಳ ಪಕ್ಕಾನೇ ಮಲಗಿದ್ದು. ದಿನಾ ಅಲ್ಲೇ ಮಲಗ್ತಿದ್ದೆ, ಹದಿನಾರು ಹತ್ರ ಬಂದ್ರೂ, ಸ್ಕೂಲಲ್ಲಿ ಯಾರಿಗೂ ಹೇಳ್ತಿರ್ಲಿಲ್ಲ ಅಷ್ಟೇ.

ಬೆಳಿಗ್ಗೆ ಪೇಪರ್. ‘ಎ ಹೀರೋ’ದಿಂದ ಒಂದು ಎಕ್ಸ್‌ಟ್ರಾಕ್ಟ್ ಬಂದಿತ್ತು, ಯಾರು ಯಾರಿಗೆ ಹೇಳಿದ್ರು ಅನ್ನೋದು, ಅದನ್ನ ಪ್ಯಾಕೇಜಲ್ಲಿದ್ದಂಗೇ ಬರೆದೆ. ಇನ್ನೊಂದು ಮೂರು ಮಾರ್ಕ್ಸಿಂದು, ನಿಮ್ಮ ಪ್ರಕಾರ ಸ್ವಾಮಿ ನಿಜವಾಗ್ಲೂ ಧೈರ್ಯವಂತನಾ ಅಂತ. ಇದಕ್ಕೆ ಹಾಳೇಲಿ ರೆಡಿ ಉತ್ತರ ಇರ್ಲಿಲ್ಲ. ಪಕ್ಕದ ಬೆಂಚಿನವಳು ಬಿಟ್ಟು ಮುಂದಕ್ಕೆ ಹೋದ್ಲು. ನಾನು ಪೆನ್ ಹಿಡ್ಕೊಂಡು ಐದು ನಿಮಿಷ ಕೂತೆ, ಮತ್ತಿ ಮರ, ಟವಲ್ಲು, ಎಲ್ಲಾ ಕಣ್ಮುಂದೆ ಇದೆ, ಇಂಗ್ಲಿಷ್ ಮಾತ್ರ ಇಲ್ಲ. ಕೊನೆಗೆ ಬರೆದೆ. ‘ಪೇಪರ್ ಬಾಯ್ ಆಲ್ಸೋ ಫಿಯರ್. ಹಿ ಕ್ಲೈಂಬ್ ಟ್ರೀ. ಸ್ವಾಮಿ ಆಲ್ಸೋ ಫಿಯರ್. ಹಿ ಬೈಟ್. ಫಿಯರ್ ಬಾಯ್ ಈಸ್ ಆಲ್ಸೋ ಗುಡ್ ಬಾಯ್.’ ಅಷ್ಟೇ. ನನ್ನ ಜೀವನದಲ್ಲಿ ಯಾರೂ ಹೇಳಿಕೊಡ್ದೆ ನಾನೇ ಮಾಡಿದ ಮೊದಲ ಇಂಗ್ಲಿಷ್ ವಾಕ್ಯಗಳು ಅವು, ಒಂದೊಂದೂ ತಪ್ಪು, ಆದ್ರೆ ಒಂದೊಂದರ ಅರ್ಥನೂ ನಂಗೆ ಗೊತ್ತಿತ್ತು.

ವಾರ ಆದ್ಮೇಲೆ ಪೇಪರ್ ಕೊಟ್ರು. 80ಕ್ಕೆ 34. ಆ ಉತ್ತರದ ತುಂಬಾ ಕೆಂಪು ಗೆರೆ, ಕ್ಲೈಂಬ್ ಪಕ್ಕ ಇಡಿ ಸೇರಿಸಿದ್ರು, ಬೈಟ್ ಹೊಡೆದು ಬಿಟ್ ಮಾಡಿದ್ರು, ಮೂರಕ್ಕೆ ಎರಡು ಮಾರ್ಕ್ಸ್. ಮಿಸ್ಸು ನನ್ನ ಕರೆದು ಪುಸ್ತಕ ತೆಗೆದು ಆ ಸಾಲನ್ನ ತಾವೂ ಇನ್ನೊಂದ್ಸಲ ಓದಿದ್ರು. ಪೇಪರ್ ಬಾಯ್ ಅಂದ್ರೆ ಪೇಪರ್ ಹಾಕೋ ಹುಡುಗ ಅಂತಾಗುತ್ತೆ, ನೋಡ್ಕೋ ಅಂದ್ರು. ಆಮೇಲೆ ಇದು ಯಾವ ಗೈಡಲ್ಲಿತ್ತು ಅಂತ ಕೇಳಿದ್ರು. ನಮ್ಮಜ್ಜಿ ಹೇಳಿದ್ದು ಮಿಸ್ ಅಂದೆ. ಅವರು ಒಂದು ಘಳಿಗೆ ನನ್ನೇ ನೋಡಿ, ಉಳಿದ ಪಾಠಾನೂ ಅಜ್ಜಿಗೆ ಹೇಳಮ್ಮ, ಎಲ್ಲಾನೂ ಅಂದ್ರು. ಹೇಳಿದೆ. ‘ದ ಕಾನ್ಸರ್ಟ್’ ಕಥೇಲಿ ಹುಷಾರಿಲ್ಲದ ಹುಡುಗಂಗೋಸ್ಕರ ದೊಡ್ಡ ಸಂಗೀತಗಾರರು ಮನೆಗೇ ಬಂದು ನುಡಿಸ್ತಾರೆ ಅಂದಾಗ ಅಜ್ಜಿ ಅತ್ತೇಬಿಟ್ಲು. ಅಂಬೇಡ್ಕರ್ ಪಾಠ ಎರಡು ಸಲ ಹೇಳಿಸ್ಕೊಂಡ್ಲು. ಬೋರ್ಡ್ ಎಕ್ಸಾಮಲ್ಲಿ ಪಾಸಾದೆ, ಅದೊಂದು ದೊಡ್ಡ ವಿಷ್ಯ ಅಲ್ಲ ಈಗ.

ಆ 34ರ ಪೇಪರ್ ಮನೆಗೆ ತಂದಿದ್ದೆ. ಅಜ್ಜಿಗೆ ಕನ್ನಡನೂ ಓದೋಕೆ ಬರಲ್ಲ, ಆದ್ರೂ ಇಸ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ಲು.

“ನಾನ್ ಯೋಳಿದ್ದ ಬರ್ದಿದ್ದೀಯಾ?”

“ಬರ್ದಿದ್ದೀನಿ.”

“ಮರ ಎಲ್ಲದೆ ಇದ್ರಲ್ಲಿ?”

ಬೆರಳಿಟ್ಟು ತೋರಿಸಿದೆ. ಅವಳೂ ಸುಣ್ಣ ಹತ್ತಿದ ಬೆರಳು ತಂದು ಆ ನಾಕು ಅಕ್ಷರದ ಮೇಲೆ ಇಟ್ಲು, ತೆಗೆದ್ಲು, ಮತ್ತೆ ಬಗ್ಗಿ ನೋಡಿದ್ಲು.

“ಇಷ್ಟ್ ಚಿಕ್ದಾ” ಅಂದ್ಲು.